ಎಂಟಾಣೆಯ ಒಲೆ

ಕಳೆದ ಆಷಾಢದಲ್ಲಿ ಮಗಳು ಬೆಂಗಳೂರಿನಿಂದ ಫೋನ್ ಮಾಡಿದಳು. "ಅಮ್ಮಾ, ಪುಟ್ಟಿ ಹುಟ್ಟುಹಬ್ಬಕ್ಕೆ ಒಂದು ಅಡುಗೆಮನೆ ಸೆಟ್ಟು ನೋಡಿದೀವಿ. ಫೋಟೋ ಕಳಿಸಿದೀನಿ. ತಗೊಳ್ಳಲಾ, ಬೇಡ್ವಾ, ಹೇಳು."

ಫೋಟೋ ನೋಡಿದೆ. ಮೂರಡಿ ಎತ್ತರದ ಪ್ಲಾಸ್ಟಿಕ್ ಅಡುಗೆಮನೆ, ತಿಳಿಗುಲಾಬಿ ಬಣ್ಣ. ಗುಂಡಿ ತಿರುಗಿಸಿದರೆ ಕೆಂಪು ದೀಪ ಹತ್ತುವ ಒಲೆ, ಬ್ಯಾಟರಿಯಿಂದ ನೀರು ಸುರಿಸುವ ನಲ್ಲಿ, ಬಾಗಿಲು ತೆರೆದರೆ ಇಂಗ್ಲಿಷಿನಲ್ಲಿ ಊಟ ರೆಡಿ ಎನ್ನುವ ಓವನ್. ಜೊತೆಗೆ ಪ್ಲಾಸ್ಟಿಕ್ಕಿನ ಪಿಜ್ಜಾ, ಬರ್ಗರ್, ಬ್ರೊಕೊಲಿ. ಬೆಲೆ 14,500 ರೂಪಾಯಿ. ಮಗುವಿಗೆ ತುಂಬುತ್ತಿದ್ದುದು ಮೂರು ವರ್ಷ.

ಆ ಗಳಿಗೆಯಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಮಗಳು, ಅಳಿಯ ಇಬ್ಬರೂ ದುಡಿಯುತ್ತಾರೆ, ಇರುವ ಒಂದು ಮಗುವಿಗೆ ಪ್ರೀತಿಯಿಂದ ಏನಾದರೂ ಕೊಡಿಸುತ್ತೇವೆ ಅಂದರೆ ಬೇಡ ಅನ್ನಲು ನಾನು ಯಾರು? ನಾಳೆ ಹೇಳುತ್ತೇನೆ ಎಂದು ಫೋನ್ ಇಟ್ಟು, ತಿಪಟೂರಿನಲ್ಲಿರುವ ಅಕ್ಕನಿಗೆ ಮಾಡಿದೆ. ಅವಳು ಮೂವತ್ತೇಳು ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿ ದುಡಿದವಳು. ಮೂರು ವರ್ಷದ ಮಕ್ಕಳ ವಿಷಯದಲ್ಲಿ ನಮ್ಮ ಮನೆತನದಲ್ಲಿ ಅವಳ ಮಾತೇ ಕೊನೆ.

ಬೆಲೆ ಕೇಳಿ ಅಕ್ಕ ಒಂದು ಕ್ಷಣ ಸುಮ್ಮನಾದಳು. ಆಮೇಲೆ, "ಏ, ನಮ್ಮ ಎಂಟಾಣೆ ಒಲೆ ಗ್ಯಾನ ಐತೇನೆ?" ಅಂದಳು. ಮಾತು ಮುಗಿದಾಗ ರಾತ್ರಿ ಹತ್ತು ದಾಟಿತ್ತು.

1970ರ ಶಿವರಾತ್ರಿ. ಅಪ್ಪ ಒಂದು ಜೊತೆ ಹೋರಿ ನೋಡಲು ಸಿದ್ಧಗಂಗೆಯ ದನಗಳ ಜಾತ್ರೆಗೆ ಹೊರಟಾಗ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಅಕ್ಕನಿಗೆ ಹತ್ತು, ನನಗೆ ಆರು. ಕಟ್ಟಿದ ದನಗಳ ಸಾಲು, ಹುಲ್ಲಿನ ಹೊರೆ, ಮೊಣಕಾಲುದ್ದ ಧೂಳು, ಕಡಲೆಪುರಿ ಬತ್ತಾಸಿನ ಗುಡ್ಡೆ, ಇವನ್ನೆಲ್ಲ ದಾಟಿದರೆ ಆಟದ ಸಾಮಾನಿನ ಅಂಗಡಿಗಳು. ಮೊದಲಿಗೇ ಚನ್ನಪಟ್ಟಣದ ಗೊಂಬೆಯವರು. ಹಳದಿ, ಕೆಂಪು, ಹಸಿರು ಬಣ್ಣದಲ್ಲಿ ಮಿರಿಮಿರಿ ಹೊಳೆಯುವ ಬುಗುರಿ, ಗಿಲಕಿ, ಮಗು ಹಿಡಿದು ನಡೆಯುವ ಮೂರು ಗಾಲಿಯ ಗಾಡಿ. ಒಂದು ಪುಟ್ಟ ಬುಟ್ಟಿಯಲ್ಲಿ ಮರದ ಅಡುಗೆ ಸಾಮಾನು: ಬೀಸೋಕಲ್ಲು, ಒರಳು, ಒನಕೆ, ಕೊಡ, ಚೊಂಬು, ಲೋಟ, ಎಲ್ಲ ಹೆಬ್ಬೆರಳು ಗಾತ್ರದವು.

ಆ ಹೊಳಪು ಹೇಗೆ ಬರುತ್ತದೆಂದು ಎಷ್ಟೋ ವರ್ಷದ ಮೇಲೆ ಚನ್ನಪಟ್ಟಣದ ಒಂದು ಕೆಲಸದ ಮನೆಯಲ್ಲಿ ನಿಂತು ನೋಡಿದೆ. ಆಲೆ ಮರದ ಬೆಳ್ಳನೆಯ ತುಂಡು ತಿರುಗುತ್ತಿರುತ್ತದೆ. ಕುಶಲಕರ್ಮಿ ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾನೆ. ತಿರುಗುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ಒಣಗಿದ ಗರಿ ಹಿಡಿದು ಉಜ್ಜಿದರೆ ಕನ್ನಡಿಯ ಹಾಗೆ ಮಿಂಚುತ್ತದೆ. ಅರಗು ಮರದ ಕೊಂಬೆಗಳ ಮೇಲೆ ಹುಳು ಕಟ್ಟುವ ಅಂಟು. ಹಳದಿಗೆ ಅರಿಸಿನ, ನೀಲಿಗೆ ನೀಲಿಗಿಡ, ಹೀಗೆ ಗಿಡಮೂಲದ ಬಣ್ಣ ಹಾಕಿದ ಗೊಂಬೆಯನ್ನು ಕೂಸು ಬಾಯಿಗಿಟ್ಟರೂ ತಾಯಿಗೆ ಭಯವಿರುತ್ತಿರಲಿಲ್ಲ.

ಇರಲಿ, ಅಕ್ಕನಿಗೆ ಆ ಮರದ ಸೆಟ್ಟೇ ಬೇಕಾಗಿತ್ತು. ಮೂರು ರೂಪಾಯಿ. ಅಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, "ಬಾರವ್ವ, ಮುಂದೆ ನೋಡಾನ" ಅಂದರು. ಮುಂದೆ ಗೋಣಿಚೀಲ ಹಾಸಿಕೊಂಡು ಕುಂಬಾರರ ಅಜ್ಜಿಯೊಬ್ಬಳು ಮಣ್ಣಿನ ಅಡುಗೆ ಸಾಮಾನು ಹರಡಿ ಕೂತಿದ್ದಳು. ಒಂದು ಜೋಡಿ ಒಲೆ, ಎರಡು ಮಡಕೆ, ಒಂದು ಬಾಣಲೆ, ಮೂರು ಕುಡಿಕೆ, ಎರಡು ಮುಚ್ಚಳ. ಎಂಟಾಣೆ. ಅಜ್ಜಿ ಒಂದೊಂದನ್ನೂ ಬೆರಳಲ್ಲಿ ತಟ್ಟಿ ಟಣ್ ಅನ್ನುವ ಸದ್ದು ಕೇಳಿಸಿ, ಹುಲ್ಲಿನಲ್ಲಿ ಸುತ್ತಿ ಕೊಟ್ಟಳು. ಅಕ್ಕ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು. ಆದರೂ ಆ ಹುಲ್ಲಿನ ಗಂಟನ್ನು ತೊಡೆಯ ಮೇಲಿಂದ ಕೆಳಗಿಡಲಿಲ್ಲ.

ನಮ್ಮ ಹಿತ್ತಲಿನ ಹುಣಸೆಮರದ ಬುಡದಲ್ಲಿ ಆ ಒಲೆ ಹೂಡಿದೆವು. ದೊಡ್ಡಪ್ಪನ ಮಕ್ಕಳು ಮೂವರು, ಪಕ್ಕದ ಮನೆಯ ಇಬ್ಬರು, ನಾವಿಬ್ಬರು. ಕೆಮ್ಮಣ್ಣಿಗೆ ನೀರು ಹಾಕಿ ತೊಳಸಿದರೆ ಮುದ್ದೆ. ಅದರ ಹದ ಸುಲಭವಾಗಿ ಸಿಗುತ್ತಿರಲಿಲ್ಲ. ನೀರು ಹೆಚ್ಚಾದರೆ ಅಂಬಲಿ, ಕಡಿಮೆಯಾದರೆ ಕೈಯಲ್ಲಿ ಬಿರುಕು. ಅಕ್ಕನ ಮುದ್ದೆ ಮಾತ್ರ ಅವ್ವನ ಮುದ್ದೆಯ ಹಾಗೆ ನುಣ್ಣಗೆ ಕೂರುತ್ತಿತ್ತು. ಇಟ್ಟಿಗೆ ಚೂರನ್ನು ಕಲ್ಲ ಮೇಲೆ ತೇದರೆ ಖಾರದ ಪುಡಿ. ತುಂಬೆ ಹೂವು ಬಿಡಿಸಿದರೆ ಅನ್ನ. ಹೊಂಗೆ ಎಲೆ ಹರಿದರೆ ಸೊಪ್ಪು. ಒಗ್ಗರಣೆಯ ಚೊಂಯ್ ಸದ್ದನ್ನು ಬಾಯಲ್ಲೇ ಮಾಡಬೇಕು, ಅದು ನನ್ನ ಪಾಲಿನ ಕೆಲಸ. ದೊಡ್ಡಪ್ಪನ ಕಿರಿಮಗ ಯಾವಾಗಲೂ ನೆಂಟ. ಬೇಲಿಯ ಆಚೆಯಿಂದ ಬಂದು ಕಾಲು ತೊಳೆದು, "ಎಲ್ಲಾ ಚೆನ್ನಾಗಿದೀರಾ? ಮಳೆ ಬೆಳೆ ಹ್ಯಾಗೆ?" ಎಂದು ನಮ್ಮ ಸೋದರಮಾವನ ಧ್ವನಿಯಲ್ಲೇ ಕೇಳುತ್ತಿದ್ದ. ಊಟ ಮಾಡಿಕೊಂಡೇ ಹೋಗಬೇಕು ಎಂದು ಉಪಚಾರ, ಬೇಡ ಎಂದು ಅವನು, ಬಿಡುವುದಿಲ್ಲ ಎಂದು ನಾವು. ಉಂಡದ್ದಕ್ಕಿಂತ ಆ ಉಪಚಾರವೇ ಅರ್ಧ ಗಂಟೆ ನಡೆಯುತ್ತಿತ್ತು.

ಯುಗಾದಿ ಹೊತ್ತಿಗೆ ಮಡಕೆ, ಕುಡಿಕೆ ಎಲ್ಲ ಒಡೆದು ಒಲೆಯೊಂದೇ ಉಳಿದಿತ್ತು. ಈಗ ಯೋಚಿಸಿದರೆ ನಮ್ಮ ಆಟ ನಿಜವಾಗಿ ಬೆಳೆದದ್ದು ಆಮೇಲೆ. ತಿಪಟೂರು ಸೀಮೆಯಲ್ಲಿ ತೆಂಗಿನ ಚಿಪ್ಪಿಗೆ ಬರವೇ? ನಮ್ಮಟ್ಟದ ಮೇಲೆ ಕಾಯಿ ತಿಂಗಳುಗಟ್ಟಲೆ ಒಣಗಿ ಕೊಬ್ಬರಿಯಾಗುತ್ತಿತ್ತು. ಕೊಬ್ಬರಿ ಸುಲಿಯುವ ದಿನ ಅಂಗಳದ ತುಂಬ ಚಿಪ್ಪು. ಮೂರು ತೂತು ಮಾಡಿ ದಾರ ಕಟ್ಟಿ ತಕ್ಕಡಿ ಮಾಡಿದೆವು. ಅಡುಗೆಮನೆ ಅಂಗಡಿಯಾಯಿತು. ಹೊಂಗೆ ಎಲೆ ನೋಟು, ಹುಣಸೆ ಬೀಜ ಚಿಲ್ಲರೆ. ಅದೇ ಬೀಜವನ್ನು ಒಂದು ಮಗ್ಗುಲು ಬಿಳುಪಾಗುವ ತನಕ ತೇದರೆ ಚೌಕಾಬಾರಕ್ಕೆ ಕವಡೆ. ಗುಳಿಗೆ ತುಂಬಿದರೆ ಅಳಗುಳಿಮಣೆ. ಸಂಜೆ ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆದರೆ ಅದು ತಿಪಟೂರು ಸಂತೆಗೆ ಹೋಗುವ ಗಾಡಿ.

ಕೋಲಿನ ಬಗ್ಗೆ ಹೇಳದಿದ್ದರೆ ದೊಡ್ಡಪ್ಪನ ಮನೆಯ ನಮ್ಮಣ್ಣಂದಿರಿಗೆ ಅನ್ಯಾಯ. ಕೈಯಲ್ಲೊಂದು ಕೋಲಿದ್ದರೆ ಸೈಕಲ್ ಟೈರು ಬಸ್ಸಾಗುತ್ತಿತ್ತು. ತುಂಡು ಮಾಡಿದರೆ ಚಿನ್ನಿದಾಂಡು, ಹೆಗಲಿಗಿಟ್ಟರೆ ನೇಗಿಲು. ಅಮೆರಿಕದ ರಾಚೆಸ್ಟರ್ ನಗರದ ಆಟದ ಮ್ಯೂಸಿಯಂನವರು ಶ್ರೇಷ್ಠ ಆಟಿಕೆಗಳದೊಂದು ಪಟ್ಟಿ ಇಟ್ಟಿದ್ದಾರೆ. ಬಾರ್ಬಿ ಗೊಂಬೆ, ಲೆಗೊ ಇಟ್ಟಿಗೆಗಳಿರುವ ಅದೇ ಪಟ್ಟಿಗೆ 2005ರಲ್ಲಿ ರಟ್ಟಿನ ಪೆಟ್ಟಿಗೆಯನ್ನು, 2008ರಲ್ಲಿ ಬರಿಯ ಮರದ ಕೋಲನ್ನು ಸೇರಿಸಿದರು. ಅದನ್ನು ಓದಿದ ದಿನ ನನಗೆ ಕಂಡದ್ದು ಹುಣಸೆ ಬರಲು ಹಿಡಿದು ಟೈರಿನ ಹಿಂದೆ ಓಡುವ ದೊಡ್ಡಣ್ಣನೇ.

ನಮ್ಮ ಮನೆಗೂ ಒಂದು ದುಬಾರಿ ಪ್ಲಾಸ್ಟಿಕ್ ಗೊಂಬೆ ಬಂದಿತ್ತು. 1972ರಲ್ಲಿ ಬೊಂಬಾಯಿಯಲ್ಲಿದ್ದ ಚಿಕ್ಕಪ್ಪ ಗೌರಿಹಬ್ಬಕ್ಕೆ ಬಂದಾಗ ತಂದುಕೊಟ್ಟದ್ದು. ಚಿನ್ನದ ಬಣ್ಣದ ಕೂದಲು, ಮಲಗಿಸಿದರೆ ಕಣ್ಣು ಮುಚ್ಚುತ್ತಿತ್ತು, ಎತ್ತಿದರೆ ತೆರೆಯುತ್ತಿತ್ತು. ಊರಿನ ಮಕ್ಕಳೆಲ್ಲ ನೋಡಲು ಬಂದರು. ಅವ್ವ ಆ ದಿನ ಸಂಜೆಯೇ ಅದನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಬೆಲೆಬಾಳುವ ಸಾಮಾನು, ಹುಡುಗರ ಕೈಗೆ ಸಿಕ್ಕರೆ ಉಳಿಯುತ್ತದೆಯೇ? ಅವ್ವನದೇನೂ ತಪ್ಪಿಲ್ಲ, ಅಷ್ಟು ದುಡ್ಡಿನ ವಸ್ತು ನಮ್ಮ ಮನೆಯಲ್ಲಿ ಬೇರೆ ಇರಲಿಲ್ಲ. ನಾವು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದೆವು. ಹಬ್ಬಕ್ಕೊಮ್ಮೆ ಹೊರಗೆ ಬಂದಾಗ ಒಬ್ಬೊಬ್ಬರೂ ಒಂದೊಂದು ಸಲ ಮಲಗಿಸಿ ಎತ್ತಿ ವಾಪಸ್ಸು ಕೊಡಬೇಕು. ಆ ಗೊಂಬೆಗೆ ನಾವು ಹೆಸರೇ ಇಡಲಿಲ್ಲ. ಅವ್ವನ ಹಳೆ ಸೀರೆಯ ಚಿಂದಿ ಸುತ್ತಿ ಮಾಡಿದ ಬಟ್ಟೆ ಗೊಂಬೆಗೆ ಮಾತ್ರ ಹೆಸರಿತ್ತು, ಜ್ವರ ಬರುತ್ತಿತ್ತು, ಮದುವೆಯೂ ಆಗಿತ್ತು. ಬೊಂಬಾಯಿ ಗೊಂಬೆ ಈಗಲೂ ಅಕ್ಕನ ಹತ್ತಿರ ಇದೆ. ಮೈ ಹಳದಿಗಟ್ಟಿ, ಮುಟ್ಟಿದರೆ ಜಿಗುಟಾಗಿದೆ. ಯಾರೂ ಆಡದೆಯೇ ಅದಕ್ಕೆ ವಯಸ್ಸಾಗಿಹೋಯಿತು.

ಮರುದಿನ ಮಗಳಿಗೆ ಈ ಕಥೆಯನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಅಮ್ಮಾ, ನಿಮಗೆಲ್ಲಾ ಹಿತ್ತಲಿತ್ತು, ಹುಣಸೆ ಮರ ಇತ್ತು, ಏಳು ಜನ ಮಕ್ಕಳಿದ್ರಿ. ನಮ್ದು ಒಂಬತ್ತನೇ ಮಹಡಿ. ನಾನು ಮಣ್ಣೆಲ್ಲಿಂದ ತರ್ಲಿ?" ಅಂದಳು.

ಆ ಮಾತು ನನ್ನನ್ನು ತಟ್ಟಿತು. ಅವಳು ಹೇಳಿದ್ದು ಸತ್ಯ. ಅದರಲ್ಲೇ ನಾನು ಹುಡುಕುತ್ತಿದ್ದ ಉತ್ತರವೂ ಇತ್ತು. ನನ್ನ ಮಗಳು ಆ 14,500 ರೂಪಾಯಿಗೆ ಕೊಳ್ಳಲು ಹೊರಟಿದ್ದು ಹಿತ್ತಲನ್ನು, ಅದರಲ್ಲಿ ನನ್ನ ಜೊತೆಗಿದ್ದ ಆರು ಮಕ್ಕಳನ್ನು. ಪೆಟ್ಟಿಗೆಯೊಳಗೆ ಅದು ಬರುವುದಿಲ್ಲ. ಗುಲಾಬಿ ಬಣ್ಣದ ಓವನ್ನು ಊಟ ರೆಡಿ ಎಂದು ತಾನೇ ಹೇಳಿಬಿಟ್ಟರೆ ಮಗು ಹೇಳುವುದೇನು? ಒಗ್ಗರಣೆಯ ಸದ್ದನ್ನು ಬ್ಯಾಟರಿ ಮಾಡಿಬಿಟ್ಟರೆ ನನ್ನಂಥ ಆರು ವರ್ಷದವಳಿಗೆ ಆಟದಲ್ಲಿ ಕೆಲಸವೇ ಇಲ್ಲ. ನಮ್ಮ ಮನೆಯಲ್ಲಿ ಯಾರೂ ಬೇಯಿಸದ ಬರ್ಗರನ್ನು ಅವಳು ಬೇಯಿಸಿ ಯಾರಿಗೆ ಬಡಿಸಬೇಕು? ಅವಳು ದಿನಾ ನೋಡುವುದು ಕುಕ್ಕರಿನ ಸೀಟಿ, ಸಾಸಿವೆ ಡಬ್ಬಿ, ಲಟ್ಟಣಿಗೆ.

ಅಕ್ಕನ ಅನುಭವ ಇಲ್ಲಿ ನನ್ನದಕ್ಕಿಂತ ದೊಡ್ಡದು. ಅಂಗನವಾಡಿಗಳ ಯೋಜನೆ ದೇಶದಲ್ಲಿ 1975ರ ಅಕ್ಟೋಬರ್ 2ರಂದು ಶುರುವಾಯಿತು. ಅಕ್ಕ ಸೇರಿದ್ದು 1983ರಲ್ಲಿ. ಒಂದು ಕೋಣೆ, ಇಪ್ಪತ್ತೈದು ಮಕ್ಕಳು, ಆಟದ ಸಾಮಾನು ಎಂದರೆ ಒಂದು ಟ್ರಂಕಿನಷ್ಟು. ಮೊದಮೊದಲು ಅವಳು ಬೆಳಿಗ್ಗೆ ಟ್ರಂಕನ್ನೇ ಚಾಪೆಯ ಮೇಲೆ ಸುರಿಯುತ್ತಿದ್ದಳಂತೆ. ಮಕ್ಕಳು ಇದನ್ನು ಎತ್ತಿ ಅದನ್ನು ಬಿಸಾಕಿ, ಕಿತ್ತಾಡಿ, ಅರ್ಧ ಗಂಟೆಯಲ್ಲಿ ಬೇಸತ್ತು ಅಳುತ್ತಿದ್ದವು. ಒಂದು ದಿನ ಟ್ರಂಕಿನ ಕೀಲಿ ಸಿಗಲಿಲ್ಲ. ಹೊರಗಿದ್ದದ್ದು ಒಂದು ಚೆಂಡು, ನಾಲ್ಕು ಚಿಪ್ಪು, ಮರದ ಕೆಲವು ತುಂಡು, ಒಂದು ಬಟ್ಟೆ ಗೊಂಬೆ. ಅವತ್ತು ಮಧ್ಯಾಹ್ನದ ಊಟದವರೆಗೂ ಮಕ್ಕಳು ತಲೆಯೆತ್ತಲಿಲ್ಲ. "ಅವತ್ತಿಂದ ಟ್ರಂಕಿಗೆ ಬೀಗ ಹಾಕಿ ದಿನಾ ನಾಕು ಸಾಮಾನು ಮಾತ್ರ ತೆಗೀತಿದ್ದೆ ಕಣೆ" ಅನ್ನುತ್ತಾಳೆ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳನ್ನು ಹೀಗೇ ಕೂರಿಸಿ ನೋಡಿ 2018ರಲ್ಲಿ ಪ್ರಕಟಿಸಿದ್ದನ್ನು ನಾನು ಅವಳಿಗೆ ಓದಿ ಹೇಳಿದೆ. ಹದಿನಾರು ಆಟಿಕೆ ಕೊಟ್ಟಾಗಿನದಕ್ಕಿಂತ ನಾಲ್ಕೇ ಕೊಟ್ಟಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದವು. "ಹೌದಾ? ಅವರಿಗೂ ನಾಕೇ ಬಂತಾ?" ಎಂದು ಅಕ್ಕ ಖುಷಿಪಟ್ಟಳು.

ಅಕ್ಕನಿಗೆ ಒಂದು ತರಬೇತಿಯಲ್ಲಿ ಅರವಿಂದ ಗುಪ್ತಾ ಅವರ ಬೆಂಕಿಕಡ್ಡಿಯ ಮಾದರಿಗಳನ್ನು ತೋರಿಸಿದ್ದರಂತೆ. ಕಾನ್ಪುರದ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿದ ಅವರು ಸೈಕಲ್ಲಿನ ವಾಲ್ವ್ ಟ್ಯೂಬಿನ ಚೂರಿಗೆ ಬೆಂಕಿಕಡ್ಡಿ ಸಿಕ್ಕಿಸಿ ತ್ರಿಕೋನ, ಚೌಕ, ಮನೆ ಎಲ್ಲ ಕಟ್ಟುವುದನ್ನು ಹಳ್ಳಿ ಮಕ್ಕಳಿಗೆ ಕಲಿಸಿದವರು, 2018ರಲ್ಲಿ ಪದ್ಮಶ್ರೀ ಪಡೆದವರು. ಅಕ್ಕ ಊರಿನ ಸೈಕಲ್ ಷಾಪಿನವನಿಂದ ಟ್ಯೂಬು ಕೇಳಿ ತಂದು ದೊಡ್ಡ ಮಕ್ಕಳಿಗೆ ಕೊಡುತ್ತಿದ್ದಳು. ಚಿಕ್ಕವಕ್ಕೆ ಕೊಡುತ್ತಿರಲಿಲ್ಲ. ಮೂರು ವರ್ಷದೊಳಗಿನ ಮಕ್ಕಳ ಹತ್ತಿರ ಹುಣಸೆ ಬೀಜ, ಕವಡೆ, ಗೋಲಿಯಂಥ ನುಂಗುವ ವಸ್ತು ಸುಳಿಯಲೂ ಬಿಡಬಾರದು ಎಂಬ ವಿಷಯದಲ್ಲಿ ಅವಳದು ಕಟ್ಟುನಿಟ್ಟು. ನಮ್ಮ ಕಾಲದಲ್ಲಿ ಯಾರೂ ಇದನ್ನು ನೋಡುತ್ತಿರಲಿಲ್ಲ. ಪಕ್ಕದ ಮನೆಯ ಮಗುವೊಂದು ಮೂಗಿಗೆ ಬೀಜ ಸೇರಿಸಿಕೊಂಡು ತುಮಕೂರಿನ ಆಸ್ಪತ್ರೆಗೆ ಓಡಿದ್ದು ನನಗೆ ನೆನಪಿದೆ.

ಪ್ಲಾಸ್ಟಿಕ್ ಎಂದ ಕೂಡಲೇ ಕೈ ತೊಳೆಯಬೇಕೆಂದು ನಾನು ಹೇಳುವುದಿಲ್ಲ. 1994ರಲ್ಲಿ ಯಜಮಾನರ ಬೋನಸ್ಸಿನಲ್ಲಿ ಇದೇ ಮಗಳಿಗೆ ಒಂದಕ್ಕೊಂದು ಸಿಕ್ಕಿಸಿ ಕಟ್ಟುವ ಪ್ಲಾಸ್ಟಿಕ್ ಇಟ್ಟಿಗೆಗಳ ಡಬ್ಬಿ ತಂದಿದ್ದೆವು. ಆ ಕಾಲಕ್ಕೆ 300 ರೂಪಾಯಿ ನಮಗೆ ಹೊರೆಯೇ. ಅವಳು ಅದರಲ್ಲಿ ಮನೆ ಕಟ್ಟಿದಳು, ರೈಲು ಮಾಡಿದಳು, ಗಣಪತಿ ಕೂರಿಸಲು ಮಂಟಪ ಮಾಡಿದಳು. ಆಮೇಲೆ ಅಕ್ಕಪಕ್ಕದ ಮಕ್ಕಳು, ನಾದಿನಿಯ ಮಕ್ಕಳು ಆಡಿದರು. ಮೂವತ್ತು ವರ್ಷವಾದರೂ ಒಂದೂ ಮುರಿದಿಲ್ಲ. ಅದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ವಸ್ತು, ಏಕೆಂದರೆ ಅದು ಏನಾಗಬೇಕೆಂದು ಕೂಸೇ ತೀರ್ಮಾನಿಸುತ್ತದೆ. ನೆಂಟರೊಬ್ಬರ ಮನೆಯಲ್ಲಿ ಹಾಲಿನ ಅರ್ಧವನ್ನು ನುಂಗಿದ ಜಾರುಬಂಡೆ, ಉಯ್ಯಾಲೆಯ ಸೆಟ್ಟನ್ನೂ ನೋಡಿದ್ದೇನೆ. ಎರಡು ತಿಂಗಳು ಮಗು ಜಾರಿತು. ಆಮೇಲೆ ಮಳೆಗಾಲದಲ್ಲಿ ಅದರ ಮೇಲೆ ಬಟ್ಟೆ ಒಣಗಿದವು. ಬೀದಿಯಾಚೆ ಪಾರ್ಕಿನಲ್ಲಿ ಕಬ್ಬಿಣದ ಜಾರುಬಂಡೆ ಇತ್ತು, ಅಲ್ಲಿ ಸರದಿಗೆ ಕಾಯುವ ಹತ್ತು ಮಕ್ಕಳೂ ಇದ್ದರು.

ಕೊಳ್ಳುವವರು ಒಂದನ್ನು ಮಾತ್ರ ತಪ್ಪದೆ ನೋಡಬೇಕು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿಲ್ಲದ, ಮೂಗಿಗೆ ಹೊಡೆಯುವ ವಾಸನೆಯ ಮೆದು ಪ್ಲಾಸ್ಟಿಕ್ ಇಪ್ಪತ್ತು ರೂಪಾಯಿಗೆ ಸಿಕ್ಕರೂ ಬೇಡ. ಬೆಲೆ ಜಾಸ್ತಿಯಾದ ಮಾತ್ರಕ್ಕೆ ಆಟ ಜಾಸ್ತಿಯಾಗುವುದಿಲ್ಲ. ವಿದೇಶಿ ಆಟಿಕೆಗಳ ಮೇಲಿನ ಸುಂಕವೇ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಹೊರಗಿನಿಂದ ಬಂದ ಸೆಟ್ಟಿನ ಬೆಲೆಯಲ್ಲಿ ಆ ಭಾರವೂ ಸೇರಿರುತ್ತದೆ.

ಮಗಳು ಆ ಸೆಟ್ಟು ತರಿಸಲಿಲ್ಲ. ಶ್ರಾವಣದಲ್ಲಿ ಹುಟ್ಟುಹಬ್ಬಕ್ಕೆ ಅಕ್ಕನೂ ನಾನೂ ಬೆಂಗಳೂರಿಗೆ ಹೋದೆವು. ಅಕ್ಕನ ಕೈಯಲ್ಲೊಂದು ಬಟ್ಟೆ ಚೀಲ. ಅಂಚು ನುಣ್ಣಗೆ ಉಜ್ಜಿದ ನಾಲ್ಕು ತೆಂಗಿನ ಚಿಪ್ಪು, ತಿಪಟೂರಿನ ಪಾತ್ರೆ ಅಂಗಡಿಯ ಎರಡು ಪುಟ್ಟ ಸ್ಟೀಲ್ ಪಾತ್ರೆ, ಒಂದು ಸೌಟು, ತನ್ನ ಹಳೆ ಸೀರೆಯಲ್ಲಿ ಹೊಲಿದ ಗೊಂಬೆ. ಕೊನೆಗೆ ಚೀಲದ ತಳದಿಂದ ಒಂದು ಬುಟ್ಟಿ ತೆಗೆದಳು. ಚನ್ನಪಟ್ಟಣದ ಮರದ ಅಡುಗೆ ಸಾಮಾನು. ರಾಮನಗರದ ಕಡೆ ಮದುವೆಗೆ ಹೋದವಳು ಮುಂದಕ್ಕೆ ಹೋಗಿ ಕೊಂಡು ತಂದಿದ್ದಳು. 650 ರೂಪಾಯಿ. ಬೀಸೋಕಲ್ಲಿನ ಗಾತ್ರ ಹೆಬ್ಬೆರಳಿನದಲ್ಲ, ಮೂರು ವರ್ಷದ ಮಗುವಿನ ಬಾಯಿಗೆ ಹೋಗದಷ್ಟು ದೊಡ್ಡದನ್ನೇ ಆರಿಸಿದ್ದಳು. ಐವತ್ತೈದು ವರ್ಷದ ಹಿಂದೆ ಬಸ್ಸಿನಲ್ಲಿ ಅತ್ತದ್ದನ್ನು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪುಟ್ಟಿಯ ಜೊತೆ ನೆಲಕ್ಕೆ ಕೂತು ಆ ಪುಟಾಣಿ ಕಲ್ಲನ್ನು ಅವಳೂ ಬಹಳ ಹೊತ್ತು ತಿರುಗಿಸಿದಳು.

ಅಳಿಯಂದಿರು ನರ್ಸರಿಯಿಂದ ಒಂದು ಚೀಲ ಕೆಮ್ಮಣ್ಣು ತಂದು ಬಾಲ್ಕನಿಯಲ್ಲಿ ಅಗಲವಾದ ಟಬ್ಬಿಗೆ ತುಂಬಿಸಿದರು. ಅದೇ ಮಹಡಿಯ ನಾಲ್ಕು ಮನೆಯ ಮಕ್ಕಳು ಈಗ ಶನಿವಾರ ಬೆಳಿಗ್ಗೆ ಅಲ್ಲಿ ಸೇರುತ್ತಾರೆ. ಒಂದು ಮನೆಯಲ್ಲಿ ತಮಿಳು, ಒಂದರಲ್ಲಿ ಹಿಂದಿ, ಆಟಕ್ಕೆ ಅದ್ಯಾವುದೂ ಅಡ್ಡ ಬಂದಿಲ್ಲ. ನಾನು ಬಾಗಿಲಲ್ಲಿ ಕೂತು ನೋಡುತ್ತೇನೆ. ಪುಟ್ಟಿ ಮಾಡುವುದು ಮುದ್ದೆಯಲ್ಲ, ಇಡ್ಲಿ. ಚಿಪ್ಪಿಗೆ ಒದ್ದೆ ಮಣ್ಣು ಒತ್ತಿ ಬೋರಲು ಹಾಕಿದರೆ ಇಡ್ಲಿ. ಮರದ ಚೊಂಬು ಅವಳಿಗೆ ಕಾಫಿ ಕಪ್ಪು. ಅದನ್ನು ಮಗಳ ಕೋಣೆಯ ಬಾಗಿಲಿಗೆ ಒಯ್ದು ಇಟ್ಟು, ತುಟಿಯ ಮೇಲೆ ಬೆರಳಿಟ್ಟು ಬಟ್ಟೆ ಗೊಂಬೆಗೆ ಹೇಳುತ್ತಾಳೆ: "ಶ್, ಅಮ್ಮ ಮೀಟಿಂಗಲ್ಲಿದಾಳೆ."

ನಿಮ್ಮ ಮನೆಯಲ್ಲೂ ಇಂಥದೊಂದು ಸೆಟ್ಟಿನ ಫೋಟೋ ಬಂದಿದ್ದರೆ, ದುಡ್ಡು ಕಟ್ಟುವ ಮುಂಚೆ ಒಂದು ಶನಿವಾರ ಪಕ್ಕದ ಮನೆಯ ಮಕ್ಕಳನ್ನು ಕರೆಯಿರಿ. ಅಡುಗೆಮನೆಯ ಕೆಳಗಿನ ಕಪಾಟಿನಿಂದ ಚೂಪಾದದ್ದು, ಒಡೆಯುವಂಥದ್ದು ಎಲ್ಲ ತೆಗೆದು, ಬಾಗಿಲು ತೆರೆದಿಡಿ.